ಶುಗರ್ ಮಿಕ್ಸಿ, ಥೈರಾಯ್ಡ್ ಕುಕ್ಕರ್

ನಮ್ಮ ಮನೆಗೆ ಬಂದವರು ಅಡುಗೆಮನೆಯ ಮಾತು ಕೇಳಿ ಗಾಬರಿಯಾಗುವುದುಂಟು. "ಥೈರಾಯ್ಡ್ ಇಳಿಸಮ್ಮ, ಶುಗರ್‌ನಲ್ಲಿ ಚಟ್ನಿ ತಿರುವಿಬಿಡು, ಬಿಪಿ ಜೋರಾಯ್ತು, ಸ್ವಲ್ಪ ಕಮ್ಮಿ ಮಾಡು" ಎಂದು ನಾನು ಕೆಲಸದವಳಿಗೆ ಹೇಳುತ್ತಿದ್ದರೆ, ಪಾಪ, ಡಾಕ್ಟರ ಹೆಂಡತಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ. ತಲೆ ನೆಟ್ಟಗೇ ಇದೆ. ಥೈರಾಯ್ಡ್ ಎಂದರೆ ಐದು ಲೀಟರಿನ ಕುಕ್ಕರ್. ಶುಗರ್ ಎಂದರೆ ಮಿಕ್ಸಿ. ಬಿಪಿ ಎಂದರೆ ಮೂಲೆಯಲ್ಲಿ ತಿರುಗುವ ಟೇಬಲ್ ಫ್ಯಾನ್. ಆಯಾ ಕಾಯಿಲೆಯ ಬಗ್ಗೆ ನಮ್ಮ ಮನೆಯವರು ಕೊಟ್ಟ ಅಭಿಪ್ರಾಯಕ್ಕೆ ಬಂದ ಗಿಫ್ಟ್ ಕಾರ್ಡಿನಲ್ಲಿ ಕೊಂಡ ಸಾಮಾನುಗಳಿವು. ಸಂಧಿವಾತದ ಸರ್ವೆಯೊಂದು ಅರ್ಧಕ್ಕೆ ನಿಂತುಹೋದ್ದರಿಂದ ಇಡ್ಲಿ ಪಾತ್ರೆ ಮಾತ್ರ ಇನ್ನೂ ಹಳೆಯದೇ ಇದೆ.

ಅಭಿಪ್ರಾಯಕ್ಕೆ ದುಡ್ಡು ಬರುತ್ತದೆ ಎಂಬುದೇ ನನಗೆ ಮೊದಲು ಅರಗಲಿಲ್ಲ. ಅದರಲ್ಲೂ ಇವರ ಅಭಿಪ್ರಾಯಕ್ಕೆ! ಮದುವೆಯಾಗಿ 34 ವರ್ಷ. ನನ್ನ ಸಾರಿನ ಬಗ್ಗೆ ಈ ಮನುಷ್ಯರ ಬಾಯಿಂದ "ಹ್ಞೂಂ" ಬಿಟ್ಟು ಬೇರೆ ಮಾತು ಬಂದದ್ದು ಕಾಣೆ. ಹೊಸ ಸೀರೆ ಉಟ್ಟು ಎದುರು ನಿಂತರೆ "ಆಟೋ ಬಂತಾ?" ಎನ್ನುತ್ತಾರೆ. ಮಗಳಿಗೆ ಹುಡುಗನನ್ನು ನೋಡಿ ಬಂದ ರಾತ್ರಿ ಹೇಗನ್ನಿಸಿತು ಎಂದು ಕೇಳಿದ್ದಕ್ಕೆ, "ಬಿಪಿ ಇರಬಹುದು, ಮುಖ ಕೆಂಪಗಿತ್ತು" ಎಂದು ಮಗ್ಗುಲು ಬದಲಿಸಿದವರು. ಅಂಥವರು ಈಗ ರಾತ್ರಿ ಹತ್ತೂವರೆಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕನ್ನಡಕ ಹಣೆಗೇರಿಸಿ, ಒಂದು ಇಂಜೆಕ್ಷನ್ ಡಬ್ಬಿಯ ಬಣ್ಣ "ಭರವಸೆ ಮೂಡಿಸುತ್ತದೆಯೇ" ಎಂಬುದಕ್ಕೆ ಒಂದರಿಂದ ಏಳರೊಳಗೆ ಎಷ್ಟು ಕೊಡಲಿ ಎಂದು ಹತ್ತು ನಿಮಿಷ ಯೋಚಿಸುತ್ತಾರೆ. ಕೊನೆಗೆ ಐದು ಕೊಡುತ್ತಾರೆ. ನನಗೆ ಏಳು ಬೇಡ ಸ್ವಾಮಿ, ಐದು ಕೊಟ್ಟಿದ್ದರೂ ಸಾಕಿತ್ತು.

ಶುರುವಾದದ್ದು ಒಂದು ಇಮೇಲಿನಿಂದ. "ಮಾನ್ಯ ವೈದ್ಯರೇ, ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಗೌರವಧನ" ಎಂಬ ಧಾಟಿಯ ಇಂಗ್ಲಿಷು. ನಾನು ಮೈಸೂರು ಬ್ಯಾಂಕಿನಲ್ಲಿ ಕೌಂಟರಿನ ಹಿಂದೆ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು. 2017ರ ಏಪ್ರಿಲ್ 1ಕ್ಕೆ ನಮ್ಮ ಬ್ಯಾಂಕು ಸ್ಟೇಟ್ ಬ್ಯಾಂಕಿನೊಳಗೆ ಸೇರಿಹೋಯಿತು, ಮರುವರ್ಷ ನಾನು ಮನೆಯೊಳಗೆ ಸೇರಿಹೋದೆ. "ಅಮೂಲ್ಯ" ಎಂಬ ಪದ ಕಂಡೊಡನೆ ನನಗೆ ಓಟಿಪಿ ವಾಸನೆ ಹೊಡೆಯಿತು. "ರೀ, ಮುಟ್ಟಬೇಡಿ, ಖಾತೆ ಗುಡಿಸಿ ಹಾಕ್ತಾರೆ" ಎಂದೆ. ಆದರೆ ಅವರು ಕೇಳಿದ್ದು ಖಾತೆ ಸಂಖ್ಯೆಯನ್ನಲ್ಲ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು. ಯಾವ ಕಾಲೇಜು, ಯಾವ ವರ್ಷ, ಯಾವ ವಿಭಾಗ, ದಿನಕ್ಕೆ ಎಷ್ಟು ರೋಗಿಗಳು. ನಮ್ಮ ಅಪ್ಪ ಗಂಡು ನೋಡಲು ಹೋದಾಗಲೂ ಇಷ್ಟು ವಿಚಾರಿಸಿರಲಿಲ್ಲ. ಮೈಸೂರು ಮೆಡಿಕಲ್ ಕಾಲೇಜು ಎಂದೊಡನೆ ಜಾತಕ ಒಳಗಿಟ್ಟುಬಿಟ್ಟಿದ್ದರು.

ಈ ವ್ಯಾಪಾರದ ಬುಡ ಹುಡುಕಿಕೊಂಡು ಹೋದಾಗ ನನಗೊಂದು ತಮಾಷೆ ಸಿಕ್ಕಿತು. ಔಷಧಿ ಕಂಪನಿಗಳು ನೇರವಾಗಿ ಬಂದು ಡಾಕ್ಟರನ್ನು ಕೇಳುವುದಿಲ್ಲ. ನಡುವೆ ಸಂಶೋಧನಾ ಏಜೆನ್ಸಿ, ಅದರ ನಡುವೆ ಡಾಕ್ಟರುಗಳ ಪಟ್ಟಿ ಇಟ್ಟುಕೊಂಡ ಇನ್ನೊಂದು ಕಂಪನಿ. ಟೋಕಿಯೋದಲ್ಲಿ 2000ದಲ್ಲಿ ಹುಟ್ಟಿದ ಎಂ3 ಅಂಥದೊಂದು. 2005ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಡೇನಿಯಲ್ ಪ್ಯಾಲೆಸ್ಟ್ರಾಂಟ್ ಎಂಬ ವೈದ್ಯ ಕಟ್ಟಿದ ಸೆರ್ಮೋ ಇನ್ನೊಂದು. ಡಾಕ್ಟರುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲಿ ಎಂದು ಕಟ್ಟಿದ ಜಗಲಿ ಅದು. ಒಳಗೆ ಬಂದು ಆ ಮಾತಿಗೆ ಕಿವಿಗೊಡುವುದಕ್ಕೆ ಹೊರಗಿನ ಕಂಪನಿಗಳು ದುಡ್ಡು ಕೊಡಬೇಕು. ತಮಾಷೆ ಇರುವುದು ಹೆಸರಿನಲ್ಲಿ. ಲ್ಯಾಟಿನ್ನಿನಲ್ಲಿ 'ಸೆರ್ಮೋ' ಎಂದರೆ ಮಾತುಕತೆ, ನಮ್ಮ ಕಡೆಯ ಲೆಕ್ಕದಲ್ಲಿ ಹರಟೆ! ಅಂದರೆ ಹರಟೆ ಎಂದು ಬೋರ್ಡು ಹಾಕಿಕೊಂಡ ಕಂಪನಿಯೊಂದು ಡಾಕ್ಟರಿಗೆ ಅರ್ಧ ಗಂಟೆಗೆ ಸಾವಿರಗಟ್ಟಲೆ ಕೊಡುತ್ತದೆ. ಕನ್ನಡದಲ್ಲಿ ಹರಟೆ ಬರೆದವರಿಗೆ ಬರುವ ಗೌರವಧನದ ವಿಷಯ ಇಲ್ಲಿ ಬೇಡ. ಸಂಪಾದಕರು ಒಳ್ಳೆಯವರು, ಮುಂದೆಯೂ ಬೇಕಾಗುತ್ತಾರೆ.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳು ಕ್ಯಾನ್ಸರ್ ಡಾಕ್ಟರು. ಅವಳಿಗೆ ಇದು ಹಳೆಯ ಸುದ್ದಿ. "ಒಂದು ಗಂಟೆ ಫೋನಿನಲ್ಲಿ ಮಾತಾಡಿದ್ರೆ ಮುನ್ನೂರು ಡಾಲರಿಗೆ ಕಮ್ಮಿ ಇಲ್ಲ ದೊಡ್ಡಮ್ಮ" ಎಂದಳು. ಫೋನು ಸ್ಪೀಕರಿನಲ್ಲಿತ್ತು. ನಮ್ಮ ಡಾಕ್ಟರ ಮುಖ ನೋಡಬೇಕಿತ್ತು. ಹಿಂದಿನ ದಿನ ತಾನೇ 45 ನಿಮಿಷ ಕೂತು, 800 ರೂಪಾಯಿಯ ಕಾರ್ಡು ಗೆದ್ದು ಬೀಗಿದ್ದರು.

ಈ ಲೋಕದಲ್ಲೂ ಜಾತಿಪದ್ಧತಿ ಇದೆ ಎಂದು ಆಗ ತಿಳಿಯಿತು. ಮೇಲಿನ ಪಂಕ್ತಿಯಲ್ಲಿ ಕ್ಯಾನ್ಸರಿನವರು, ರಕ್ತದ ಕಾಯಿಲೆಯವರು, ಅಪರೂಪದ ನರರೋಗಗಳವರು. ಅಲ್ಲಿನ ಔಷಧಿ ಒಂದೊಂದಕ್ಕೆ ಲಕ್ಷಾಂತರ ರೂಪಾಯಿ, ಬರೆಯುವ ಡಾಕ್ಟರುಗಳು ಬೆರಳೆಣಿಕೆ. ಒಬ್ಬರ ಪೆನ್ನು ಅತ್ತಿತ್ತ ವಾಲಿದರೂ ಕಂಪನಿಯ ಲೆಕ್ಕ ಏರುಪೇರು. ನಡುವಿನ ಪಂಕ್ತಿಯಲ್ಲಿ ಹೃದಯ, ಕಿಡ್ನಿ, ಚರ್ಮ. ಕೆಳಗೆ ನಮ್ಮವರಂಥ ಜನರಲ್ ಫಿಸಿಷಿಯನ್‌ಗಳು. ಅದಕ್ಕೂ ಕೆಳಗೆ ಫಾರ್ಮಸಿಸ್ಟು, ನರ್ಸು. ಇಂಜೆಕ್ಷನ್ ಪೆನ್ನಿನ ಗುಂಡಿ ಒತ್ತುವುದು ಸಲೀಸೋ ಬಿಗಿಯೋ ಎಂದು ದಿನಕ್ಕೆ ನಲವತ್ತು ಸಲ ಒತ್ತುವ ನರ್ಸಮ್ಮನನ್ನು ಕೇಳಿದರೆ ಒಂದೇ ಮಾತಿನಲ್ಲಿ ಹೇಳುತ್ತಾಳೆ. ಕೇಳುವುದೂ ಉಂಟು, ಆದರೆ ದಕ್ಷಿಣೆ ಅರ್ಧಕ್ಕರ್ಧ. ವಿದೇಶದ ಆಸ್ಪತ್ರೆಗಳಲ್ಲಿರುವ ನಮ್ಮ ಮಂಗಳೂರು ಕಡೆಯ ನರ್ಸುಗಳು ರಾತ್ರಿಪಾಳಿ ಮುಗಿಸಿ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಐದೈದು ನಿಮಿಷದ ಸರ್ವೆ ಒತ್ತುತ್ತಾರಂತೆ. ಅದು ನನಗೆ ತಮಾಷೆಯಾಗಿ ಕಾಣಲಿಲ್ಲ. ಅವರಿಗೆ ಅದು ಊರಿಗೆ ಕಳಿಸುವ ದುಡ್ಡು, ಇವರಿಗೆ ಮಿಕ್ಸಿ.

ತಂಗಿಯ ಮಗಳು ಇನ್ನೊಂದು ಹೇಳಿದಳು. ಅಲ್ಲಿ 2010ರ ಆರೋಗ್ಯ ಕಾಯಿದೆಯ ಜೊತೆಗೆ 'ಸನ್‌ಶೈನ್' ಎಂಬ ನಿಯಮವೊಂದು ಬಂದಿದೆ. ಔಷಧಿ ಕಂಪನಿ ಡಾಕ್ಟರಿಗೆ ಏನು ಕೊಟ್ಟರೂ ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕು. 2014ರ ಸೆಪ್ಟೆಂಬರ್ ಕೊನೆಯಿಂದ ಆ ಲೆಕ್ಕವನ್ನು ಯಾವ ರೋಗಿಯಾದರೂ ಹೆಸರು ಹಾಕಿ ನೋಡಬಹುದು. "ಮೀಟಿಂಗಿನಲ್ಲಿ ತಿಂದ ಊಟ ಕೂಡ ನನ್ನ ಹೆಸರಿನ ಮುಂದೆ ಇದೆ ದೊಡ್ಡಮ್ಮ. ಆದ್ರೆ ಸರ್ವೆ ದುಡ್ಡು ಇರಲ್ಲ." ಯಾಕೆಂದರೆ ಅದು ಎರಡೂ ಕಡೆ ಕುರುಡು: ಉತ್ತರ ಕೊಟ್ಟ ಡಾಕ್ಟರು ಯಾರೆಂದು ಕಂಪನಿಗೆ ಗೊತ್ತಿರಬಾರದು, ಕೇಳಿಸಿದ ಕಂಪನಿ ಯಾವುದೆಂದು ಡಾಕ್ಟರಿಗೆ ಗೊತ್ತಿರಬಾರದು. ನಮ್ಮ ಮದುವೆಯ ಅಂತರಪಟ. ತೆರೆಯ ಆಚೆ ಗಂಡು, ಈಚೆ ಹೆಣ್ಣು, ನಡುವೆ ಸೋದರಮಾವ ಬಟ್ಟೆ ಹಿಡಿದು ನಿಂತಂತೆ ಏಜೆನ್ಸಿಯವರು ನಿಂತಿರುತ್ತಾರೆ. ಆದರೆ ಅಂತರಪಟದ ಹಿಂದೆ ಇಣುಕದ ಹೆಣ್ಣನ್ನು ನಾನಂತೂ ನೋಡಿಲ್ಲ, ನಾನೂ ಇಣುಕಿದ್ದೆ. ನಮ್ಮ ಡಾಕ್ಟರು ಮೂರನೆಯ ಪ್ರಶ್ನೆಗೇ "ಇದು ಆ ಕಂಪನಿಯದೇ" ಎಂದು ತೊಡೆ ತಟ್ಟುತ್ತಾರೆ. ಸುಮಾರು ಮೂವತ್ತು ಮಾತ್ರೆಗಳ ಹೆಸರು ಕೊಟ್ಟು ಒಂದರ ಬಗ್ಗೆ ಮಾತ್ರ ಎಂಟು ಪ್ರಶ್ನೆ ಕೇಳಿದರೆ, ಬೀಗರು ಯಾರೆಂದು ಕೂಸಿಗೂ ತಿಳಿಯುತ್ತದೆ.

ಪ್ರಶ್ನೆಗಳೋ, ಅದೊಂದು ಮೇಳ. 100 ರೋಗಿಗಳಿದ್ದಾರೆ ಎಂದುಕೊಳ್ಳಿ, ಎಷ್ಟು ಜನಕ್ಕೆ ಯಾವ ಮಾತ್ರೆ ಬರೆಯುತ್ತೀರಿ, ಹಂಚಿ. ಹಂಚಿದ್ದು ಕೂಡಿದರೆ ನೂರೇ ಆಗಬೇಕು. ಎಂಡಿ ಓದಿದ ಮಹಾನುಭಾವರು ಹಂಚಿದರೆ ಒಮ್ಮೆ 97, ಒಮ್ಮೆ 104. ಕೆಳಗೆ ಕೆಂಪಕ್ಷರ. "ಬಾರೇ ಇಲ್ಲಿ, ನೀನು ಬ್ಯಾಂಕಿನವಳು" ಎಂದು ಕರೆ ಬರುತ್ತದೆ. ಮೊದಮೊದಲು ನಾನು ನಾಲ್ಕು ಜನರನ್ನು ಇನ್ಸುಲಿನ್ನಿನಿಂದ ತೆಗೆದೋ, ಮೂರು ಜನರನ್ನು ಮೆಟ್‌ಫಾರ್ಮಿನ್‌ಗೆ ಸೇರಿಸಿಯೋ ಟ್ಯಾಲಿ ಮಾಡಿಕೊಡುತ್ತಿದ್ದೆ. ಆಮೇಲೆ ನನ್ನ ಹೊಟ್ಟೆಯೊಳಗೇ ತಳಮಳ: ಎಲ್ಲೋ ಒಂದು ಕಂಪನಿಯಲ್ಲಿ ಟೈ ಕಟ್ಟಿದ ಯಾರೋ ಈ ಅಂಕಿ ಹಿಡಿದು ಇಷ್ಟು ಲಕ್ಷ ಡಬ್ಬಿ ತಯಾರಿಸಿ ಎನ್ನುತ್ತಿರಬಹುದು. ಅವರಿಗೇನು ಗೊತ್ತು, ಆ ರೋಗಿಗಳನ್ನು ಕೂಡಿ ಕಳೆದದ್ದು ಒಲೆಯ ಮೇಲೆ ಹಾಲಿಟ್ಟು ಬಂದ ಒಬ್ಬ ಹೆಂಗಸು ಎಂದು.

ಇನ್ನೊಂದು ಬಗೆ ಇದೆ, ಅದು ನನಗೆ ಬಲು ಇಷ್ಟ. "ಈ ಔಷಧಿ ಒಂದು ಕಾರಾಗಿದ್ದರೆ ಯಾವ ಕಾರು?" ಪ್ರಾಣಿಯಾಗಿದ್ದರೆ ಯಾವ ಪ್ರಾಣಿ, ಮದುವೆಗೆ ಬಂದರೆ ಯಾವ ಮೂಲೆಯಲ್ಲಿ ಕೂರುತ್ತದೆ. ನಗಬೇಡಿ, ಮಾರುಕಟ್ಟೆ ಪಂಡಿತರು ಮನಸ್ಸಿನ ತಳ ಕೆದಕುವುದು ಹೀಗೆಯೇ. ನಮ್ಮ ಡಾಕ್ಟರು ತಡಮಾಡದೆ "ಮೆಟ್‌ಫಾರ್ಮಿನ್ ಅಂದ್ರೆ ಅಂಬಾಸಿಡರ್" ಎಂದರು. ನನಗೆ ಇವರ ಮೇಲೆ ಮೊದಲ ಸಲ ಸಾಹಿತ್ಯಿಕ ಗೌರವ ಮೂಡಿದ್ದು ಆವತ್ತು. ಮೆಟ್‌ಫಾರ್ಮಿನ್ನನ್ನು ಸಕ್ಕರೆ ಕಾಯಿಲೆಗೆ ಕೊಟ್ಟು ನೋಡಿದ ವರದಿಯನ್ನು ಫ್ರಾನ್ಸಿನ ಜ್ಯಾನ್ ಸ್ಟರ್ನ್ ಪ್ರಕಟಿಸಿದ್ದು 1957ರಲ್ಲಿ. ಅಂಬಾಸಿಡರ್ ರಸ್ತೆಗಿಳಿದದ್ದೂ ಹೆಚ್ಚುಕಮ್ಮಿ ಆಗಲೇ. ಎರಡೂ ಅಗ್ಗ, ಗಟ್ಟಿ, ಯಾವ ಹಳ್ಳಿಯಲ್ಲೂ ಸಿಗುತ್ತದೆ, ಹೊಟ್ಟೆ ಕುಲುಕಿಸುತ್ತದೆ. ಕಾರು 2014ರಲ್ಲಿ ನಿಂತುಹೋಯಿತು, ಮಾತ್ರೆ ಓಡುತ್ತಲೇ ಇದೆ. "ಹೊಸ ಮಾತ್ರೆ?" ಎಂದು ಕೇಳಿದರೆ "ಅದು ಕಂತಿನ ಮೇಲೆ ತಂದ ಕಾರು, ಮನೆ ಮುಂದೆ ನಿಲ್ಲಿಸೋಕೆ ಚೆನ್ನ" ಎಂದರು. ಆಚೆಯಿಂದ ಪ್ರಶ್ನೆ ಕೇಳುತ್ತಿದ್ದ ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಏನೆಂದು ಬರೆದುಕೊಂಡಳೋ!

ಅದೇ ಹುಡುಗಿಯ ಜೊತೆಗಿನ ವೀಡಿಯೋ ಮಾತಿನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಮಾತಿನ ಭರದಲ್ಲಿ ಇವರು, "ಆ ಮಾತ್ರೆ ಬರೆದಿದ್ದೆ, ಒಬ್ಬ ಹೆಂಗಸಿಗೆ ಮೂತ್ರದ ಸೋಂಕು ಬಂತು, ನಿಲ್ಲಿಸಿದೆ" ಎಂದುಬಿಟ್ಟರು. ಹುಡುಗಿ ತಕ್ಷಣ ದನಿ ಬದಲಿಸಿ, "ಡಾಕ್ಟರ್, ಇದನ್ನು ನಾನು ಒಂದು ಕೆಲಸದ ದಿನದೊಳಗೆ ವರದಿ ಮಾಡಲೇಬೇಕು, ವಿವರ ಕೊಡಿ" ಎಂದಳು. ಸರ್ವೆಯಲ್ಲಿ ಅಡ್ಡಪರಿಣಾಮದ ಮಾತು ಬಿದ್ದರೆ ಕಂಪನಿಗೆ ತಲುಪಿಸಬೇಕೆಂಬುದು ಆ ವೃತ್ತಿಯ ಕಟ್ಟಳೆ. ಇವರು ವಿಧೇಯ ವಿದ್ಯಾರ್ಥಿಯಂತೆ ಎಲ್ಲ ಹೇಳಿದರು. ನನಗೆ ತಡೆಯಲಾಗಲಿಲ್ಲ. ಇಂಥದ್ದನ್ನೇ ಬರೆದು ಕಳಿಸಿ ಎಂದು ನಮ್ಮ ದೇಶದಲ್ಲೂ 2010ರಿಂದ ಒಂದು ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮವಿದೆ. ಅದರ ಕೇಂದ್ರ ಈಗ ಗಾಜಿಯಾಬಾದಿನಲ್ಲಿ. ಅದರ ಫಾರಂ ನಮ್ಮ ಕ್ಲಿನಿಕ್ಕಿನ ಡ್ರಾಯರಿನಲ್ಲಿ ಒಂದು ಕಟ್ಟು ಬಿದ್ದಿದೆ. ಕಾಂಪೌಂಡರು ಅದರ ಹಿಂಬದಿಯಲ್ಲಿ ಟೋಕನ್ ನಂಬರ್ ಬರೆಯುತ್ತಾನೆ. ಆ ಫಾರಮ್ಮಿಗೆ ಗಿಫ್ಟ್ ಕಾರ್ಡು ಇಲ್ಲವಲ್ಲ.

ದುಡ್ಡು ಮನುಷ್ಯನನ್ನು ಹೇಗೆ ಕೂರಿಸುತ್ತದೆ ಎಂಬುದನ್ನೂ ಈ ಸರ್ವೆಯವರು ಸರ್ವೆ ಮಾಡಿ ತಿಳಿದುಕೊಂಡಿದ್ದಾರೆ. ಅಂಚೆಯಲ್ಲಿ ಪ್ರಶ್ನೆಪಟ್ಟಿ ಕಳಿಸುತ್ತಿದ್ದ ಕಾಲದಿಂದ ಅವರಿಗೆ ಗೊತ್ತಿರುವ ಸಂಗತಿ: ತುಂಬಿ ಕಳಿಸಿದ ಮೇಲೆ ಹೆಚ್ಚು ಕೊಡುತ್ತೇವೆ ಎನ್ನುವುದಕ್ಕಿಂತ, ಕವರಿನೊಳಗೆ ಮೊದಲೇ ಒಂದೆರಡು ಡಾಲರಿನ ನೋಟು ಇಟ್ಟರೆ ಹೆಚ್ಚು ಜನ ಉತ್ತರ ಬರೆಯುತ್ತಾರೆ. ನಮಗೇನು ಇದು ಹೊಸದೇ? ಮುಂಗಡ ವೀಳ್ಯ ಹಿಡಿದವನು ಓಲಗ ಊದದೆ ಇರುತ್ತಾನೆಯೇ?

ಈ ವೀಳ್ಯದ ಮಾತು ಬಂದಾಗ ನನ್ನೊಳಗಿನ ಬ್ಯಾಂಕಿನವಳು ಎದ್ದು ಕೂರುತ್ತಾಳೆ. ಒಂದು ಮಧ್ಯಾಹ್ನ ಕಂಪನಿಯ ರೆಪ್ ಹುಡುಗನೊಬ್ಬ ಬಂದ. ಯಾವ ಕಂಪನಿ ಎಂದು ಹೇಳುವುದಿಲ್ಲ, ಹುಡುಗನ ಕೆಲಸ ಹೋಗಬಾರದು. ಬ್ಯಾಗಿನಿಂದ ಹೊಳೆಯುವ ಹಾಳೆ ತೆಗೆದು "ಸಾರ್, ಸಣ್ಣ ಸರ್ವೆ" ಎಂದ. ಐದು ಪ್ರಶ್ನೆ. ನಮ್ಮ ಮಾತ್ರೆ ನಿಮಗೆ ಗೊತ್ತೇ? ಬರೆಯುತ್ತೀರಾ? ತಿಂಗಳಿಗೆ ಎಷ್ಟು ಬರೆಯುತ್ತೀರಿ? ಇನ್ನೂ ಎಷ್ಟು ಬರೆಯಬಹುದು? ಐದನೆಯದು ಸಹಿ. ಗೌರವಧನ ಐದು ಸಾವಿರದ ಕಾರ್ಡು. ನಮ್ಮ ಡಾಕ್ಟರು ಇಂಥದನ್ನು ಹಿಂದೆ ಎಂದೂ ಮುಟ್ಟಿದವರಲ್ಲ. ಆದರೆ ಆವತ್ತು ಒಂದು ಕ್ಷಣ ತಡೆದರು. ಸುಳ್ಳು ಯಾಕೆ ಹೇಳಲಿ, ಇಡ್ಲಿ ಪಾತ್ರೆ ನನ್ನ ಕಣ್ಣ ಮುಂದೆಯೂ ಹಾದುಹೋಯಿತು. ಕಾಫಿ ಕೊಡಲು ಹೋದವಳು ಕೇಳಿದೆ: "ನಲವತ್ತು ಪ್ರಶ್ನೆಗೆ ಎಂಟುನೂರು ಕೊಡ್ತಾರೆ, ಐದಕ್ಕೆ ಐದು ಸಾವಿರ ಕೊಡ್ತಾರೆ. ಇದ್ರಲ್ಲಿ ಸರ್ವೆ ಯಾವ್ದು ರೀ?" ಹುಡುಗ ಕಾಫಿ ಪೂರ್ತಿ ಕುಡಿಯದೆ ಎದ್ದ.

ಇದು ನಮ್ಮ ಹುಡುಗ ಕಂಡುಹಿಡಿದ ವಿದ್ಯೆಯೇನಲ್ಲ, ದೊಡ್ಡಮಟ್ಟದಲ್ಲೂ ನಡೆದಿದೆ. 1999ರಲ್ಲಿ ಅಮೆರಿಕದ ಮರ್ಕ್ ಕಂಪನಿ ವಯಾಕ್ಸ್ ಎಂಬ ನೋವಿನ ಮಾತ್ರೆಗೆ 'ಅಡ್ವಾಂಟೇಜ್' ಎಂಬ ಸಂಶೋಧನೆ ಹೂಡಿತ್ತು. 600 ಡಾಕ್ಟರುಗಳು, 5,557 ರೋಗಿಗಳು. ಹೆಸರಿಗೆ ಹೊಟ್ಟೆಗೆ ತೊಂದರೆ ಎಷ್ಟು ಎಂಬ ಅಧ್ಯಯನ. ಕೋರ್ಟಿನ ದಾವೆಯಲ್ಲಿ ಹೊರಬಿದ್ದ ಕಾಗದಪತ್ರ ಓದಿದ ಸಂಶೋಧಕರು 2008ರಲ್ಲಿ ಬರೆದದ್ದೇ ಬೇರೆ: ಅದನ್ನು ಹೂಡಿದ್ದೇ ಮಾರ್ಕೆಟಿಂಗ್ ವಿಭಾಗ, ಡಾಕ್ಟರುಗಳ ಕೈಗೆ ಆ ಮಾತ್ರೆ ಬರೆಯುವ ರೂಢಿ ಹತ್ತಿಸುವುದಕ್ಕೆ. ಇಂಥದಕ್ಕೆ ಅಲ್ಲಿಯವರು ಬೀಜ ಬಿತ್ತುವ ಪ್ರಯೋಗ ಎನ್ನುತ್ತಾರೆ. ಗದ್ದೆ ಯಾರದು ಎಂದರೆ, ನಮ್ಮ ಹೊಟ್ಟೆ.

ನಮ್ಮ ಕಡೆಯ ಕಾನೂನು ಈ ವಿಷಯದಲ್ಲಿ ಹನುಮಂತನ ಬಾಲದಷ್ಟು ಉದ್ದ. 2009ರ ಡಿಸೆಂಬರಿನಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಕಂಪನಿಗಳಿಂದ ಉಡುಗೊರೆ, ಪ್ರವಾಸ, ನಗದು ಕೂಡದೆಂದಿತು. ಆದರೆ ಸಲಹೆಗಾರನಾಗಿಯೋ ಸಂಶೋಧಕನಾಗಿಯೋ ನಿಜವಾದ ಕೆಲಸ ಮಾಡಿದರೆ ಅಡ್ಡಿಯಿಲ್ಲ, ಮುಚ್ಚುಮರೆ ಬೇಡ ಎಂದಿತು. 2016ರಲ್ಲಿ ಶಿಕ್ಷೆಗೆ ದರಪಟ್ಟಿಯೇ ಬಂತು: ಐದು ಸಾವಿರದವರೆಗಿನ ಉಡುಗೊರೆಗೆ ಛೀಮಾರಿ, ಹತ್ತು ಸಾವಿರದವರೆಗೆ ಮೂರು ತಿಂಗಳು ಪಟ್ಟಿಯಿಂದ ಹೊರಗೆ, ಹಾಗೇ ಮೇಲಕ್ಕೆ. ರೆಪ್ ಹುಡುಗನ ಕಾರ್ಡು ಸರಿಯಾಗಿ ಐದು ಸಾವಿರಕ್ಕೆ ನಿಂತದ್ದು ಯಾಕೆಂದು ನನಗೆ ಆಮೇಲೆ ಹೊಳೆಯಿತು. 2023ರ ಆಗಸ್ಟ್ 2ಕ್ಕೆ, ಪರಿಷತ್ತಿನ ಜಾಗಕ್ಕೆ ಬಂದ ಹೊಸ ಆಯೋಗ ಹೊಸ ನಿಯಮಾವಳಿ ಹೊರಡಿಸಿ, ಅದೇ ತಿಂಗಳ 23ಕ್ಕೆ ತಾನೇ ತಡೆಹಿಡಿಯಿತು; ಕೂಸು ಹುಟ್ಟಿ ತೊಟ್ಟಿಲಿಗೆ ಹಾಕುವಷ್ಟರಲ್ಲಿ ಮುಗಿಯಿತು. 2024ರ ಮಾರ್ಚಿನಲ್ಲಿ ಕಂಪನಿಗಳಿಗೆಂದೇ ಇನ್ನೊಂದು ಸಂಹಿತೆ ಬಂತು. ನೆನಪಿನ ಕಾಣಿಕೆ ಒಂದೊಂದೂ ಸಾವಿರ ರೂಪಾಯಿ ದಾಟಬಾರದು, ಒಂದು ಔಷಧಿಯ ಸ್ಯಾಂಪಲ್ ಪೊಟ್ಟಣ ಒಬ್ಬ ಡಾಕ್ಟರಿಗೆ ವರ್ಷಕ್ಕೆ ಹನ್ನೆರಡು ಮೀರಬಾರದು. ಆವತ್ತಿನಿಂದ ನಮ್ಮ ಮನೆಗೆ ಬರುವ ಗೋಡೆ ಗಡಿಯಾರಗಳು ಸಣ್ಣವಾಗಿವೆ.

ನಾನು ಮಾಡಿದ ಒಂದೇ ಪುಣ್ಯದ ಕೆಲಸವೆಂದರೆ ಪ್ರತಿ ಕಾರ್ಡಿನ ಲೆಕ್ಕ ಬರೆದು ಆಡಿಟರಿಗೆ ಕೊಟ್ಟದ್ದು. "ಮಿಕ್ಸಿಗೂ ಟ್ಯಾಕ್ಸೇ?" ಎಂದು ಇವರು ಕೂಗಾಡಿದರು. ಸಂಪಾದನೆ ನೋಟಿನ ರೂಪದಲ್ಲಿ ಬಂದರೂ ಮಿಕ್ಸಿಯ ರೂಪದಲ್ಲಿ ಬಂದರೂ ಸಂಪಾದನೆಯೇ. ಹೊರದೇಶದಿಂದ ಬಂದ ಒಂದು ಸಣ್ಣ ಮೊತ್ತಕ್ಕೆ ಪರ್ಪಸ್ ಕೋಡ್ ತುಂಬುವಾಗ ನನಗಾದ ಸುಖ, ನಿವೃತ್ತಿಯ ಶಾಲು ಹೊದೆಸಿದಾಗಲೂ ಆಗಿರಲಿಲ್ಲ.

ಸರಿ, ಈಗ ಮುಖ್ಯ ಕತೆಗೆ ಬರುತ್ತೇನೆ. ಇದನ್ನು ಬರೆಯಲು ಅವರ ಅಪ್ಪಣೆ ಇಲ್ಲ.

ಪ್ರತಿ ಸರ್ವೆಗೂ ಹೊಸ್ತಿಲಲ್ಲಿ ಒಂದು ಸೋಸಣಿಗೆ ಇರುತ್ತದೆ, ಸ್ಕ್ರೀನರ್ ಎನ್ನುತ್ತಾರೆ. ತಮಗೆ ಬೇಕಾದ ಡಾಕ್ಟರೇ ಹೌದೋ ಅಲ್ಲವೋ ಎಂದು ಮೊದಲು ಹತ್ತು ಪ್ರಶ್ನೆ. ಅಲ್ಲ ಎಂದಾದರೆ ವಂದನೆ ಹೇಳಿ ಬಾಗಿಲು ಹಾಕುತ್ತಾರೆ, ದಕ್ಷಿಣೆ ಇಲ್ಲ. ಒಂದು ರಾತ್ರಿ ಅಕ್ರೊಮೆಗಲಿ ಎಂಬ ಕಾಯಿಲೆಯ ಸರ್ವೆ ಬಂತು. ಬೆಳವಣಿಗೆಯ ಹಾರ್ಮೋನು ಮಿತಿಮೀರಿ, ದೊಡ್ಡವರಾದ ಮೇಲೂ ಕೈಕಾಲು, ದವಡೆ ಬೆಳೆಯುತ್ತಲೇ ಹೋಗುವ ಅಪರೂಪದ ಕಾಯಿಲೆ. ಉಂಗುರ ಬಿಗಿಯಾಗುತ್ತದೆ, ಚಪ್ಪಲಿಯ ನಂಬರು ಏರುತ್ತದೆ. ಅಪರೂಪದ್ದಾದ್ದರಿಂದ ದಕ್ಷಿಣೆ ಆರು ಸಾವಿರ. "ಈಗ ಇಂಥ ಎಷ್ಟು ರೋಗಿಗಳನ್ನು ನೋಡುತ್ತಿದ್ದೀರಿ?" ಇವರು ಮೂವತ್ತು ವರ್ಷದಲ್ಲಿ ಇಬ್ಬರನ್ನು ಕಂಡಿದ್ದರು, ಇಬ್ಬರನ್ನೂ ಬೆಂಗಳೂರಿಗೆ ಕಳಿಸಿದ್ದರು. ಪ್ರಾಮಾಣಿಕವಾಗಿ ಸೊನ್ನೆ ಒತ್ತಿದರು. ಬಾಗಿಲು ಮುಚ್ಚಿತು. ವಾರದ ಮೇಲೆ ಇನ್ನೊಂದು ಏಜೆನ್ಸಿಯಿಂದ ಅದೇ ಕಾಯಿಲೆ, ಅದೇ ಪ್ರಶ್ನೆ. ಈ ಸಲ ಇವರು ಅತ್ತಿತ್ತ ನೋಡಿ, ಮೂರು ಎಂದು ಒತ್ತಿದರು.

ಬಾಗಿಲು ತೆರೆಯಿತು. ಒಳಗೆ ಕಾದಿತ್ತು ಗ್ರಹಚಾರ. "ಆ ಮೂವರ ಕೇಸ್ ಶೀಟ್ ಮುಂದಿಟ್ಟುಕೊಂಡು ಉತ್ತರಿಸಿ. ಮೊದಲ ರೋಗಿ: ವಯಸ್ಸು? ಲಿಂಗ? ಕಾಯಿಲೆ ಪತ್ತೆಯಾದ ವರ್ಷ? ಆಪರೇಷನ್ ಆಗಿದೆಯೇ? ಯಾವ ಇಂಜೆಕ್ಷನ್, ಎಷ್ಟು ಮಿಲಿಗ್ರಾಂ, ಎಷ್ಟು ವಾರಕ್ಕೊಮ್ಮೆ?" ಇವರು ಗುಂಡ್ಲುಪೇಟೆಯ ಒಬ್ಬ 52 ವರ್ಷದ ರೈತನನ್ನು ಸೃಷ್ಟಿಸಿದರು. ಎರಡನೆಯವರು ಮೇಷ್ಟರು. ಮೂರನೆಯ ರೋಗಿಗೆ ಬರುವಷ್ಟರಲ್ಲಿ ಕಲ್ಪನಾಶಕ್ತಿ ಕೈಕೊಟ್ಟು ನನ್ನ ತಮ್ಮನನ್ನೇ ಕೂರಿಸಿದ್ದರು, ಅವನ ಚಪ್ಪಲಿ ನಂಬರ್ ಹನ್ನೊಂದು ಎಂಬ ಒಂದೇ ಆಧಾರದ ಮೇಲೆ.

ನಾನು ಹಿಂದೆ ನಿಂತು ನೋಡುತ್ತಿದ್ದೆ. ನನಗೆ ಹುಣಸೂರು ಕಡೆಯ ಬ್ರಾಂಚಿನಲ್ಲಿದ್ದಾಗಿನ ಹಸುವಿನ ಸಾಲದ ದಿನಗಳು ನೆನಪಾದವು. ಎರಡು ಹಸು ಕೊಂಡಿದ್ದೇನೆ ಎಂದು ಸಾಲ ಎತ್ತಿದವರ ಮನೆಗೆ ನಾವು ತಪಾಸಣೆಗೆ ಹೋಗುತ್ತಿದ್ದೆವು. ಹೋದರೆ ಕೊಟ್ಟಿಗೆಯಲ್ಲಿ ಹಸು ಇರುತ್ತಿತ್ತು. ಪಕ್ಕದ ಮನೆಗೆ ಹೋದರೆ ಅಲ್ಲಿಯೂ ಇರುತ್ತಿತ್ತು, ಆದರೆ ಅದೇ ಹಸು, ಕಿವಿಯ ಓಲೆಯಲ್ಲಿ ಅದೇ ನಂಬರು. ನಾವು ಬೀದಿ ಸುತ್ತಿ ಬರುವಷ್ಟರಲ್ಲಿ ಹಿತ್ತಿಲ ದಾರಿಯಲ್ಲಿ ನಮಗಿಂತ ಮುಂಚೆ ಬಂದು ನಿಂತು ಮೆಲುಕು ಹಾಕುತ್ತಿತ್ತು. "ರೀ," ಎಂದೆ, "ಗುಂಡ್ಲುಪೇಟೆ ರೈತನ ಕಿವಿ ಓಲೆ ನಂಬರ್ ಏನು?" ಅವರಿಗೆ ಆ ಕತೆ ಗೊತ್ತು, ನೂರು ಸಲ ಹೇಳಿದ್ದೇನೆ. ಮುಖ ಕೆಂಪಾಯಿತು. ಅಷ್ಟರಲ್ಲಿ ಪರದೆಯ ಮೇಲೆ "ನೀವು ಗಮನವಿಟ್ಟು ಓದುತ್ತಿದ್ದೀರಿ ಎಂದು ಖಚಿತಪಡಿಸಲು ಇಲ್ಲಿ 4 ಒತ್ತಿ" ಎಂಬ ಸಾಲು ಬಂದಿತ್ತು. ಇವರು ನನ್ನ ಕಡೆ ತಿರುಗಿ ಸಮರ್ಥನೆ ಕೊಡುತ್ತಾ ಅಭ್ಯಾಸಬಲದಿಂದ 5 ಒತ್ತಿದರು. ಬಾಗಿಲು ಮುಚ್ಚಿತು. ರೈತ, ಮೇಷ್ಟರು, ನನ್ನ ತಮ್ಮ, ಮೂವರೂ ಒಂದೇ ಏಟಿಗೆ ಗುಣಮುಖರಾದರು.

ಮರುದಿನ ಸಂಜೆ ಕ್ಲಿನಿಕ್ಕಿಗೆ ನಂಜನಗೂಡಿನಿಂದ ಬರುವ ನಮ್ಮ ಖಾಯಂ ಅಜ್ಜಿ ಬಂದಿದ್ದರು. "ಸಕ್ಕರೆ ಮುಟ್ಟೇ ಇಲ್ಲ ಕಣಪ್ಪ, ಆ ತಾಯಿಯಾಣೆ" ಎನ್ನುವುದು ಅವರ ಪಲ್ಲವಿ. ಬರುವ ಹಿಂದಿನೆರಡು ದಿನ ಬರೀ ಮುದ್ದೆ ಸೊಪ್ಪು ತಿಂದು, ಖಾಲಿಹೊಟ್ಟೆಯ ಶುಗರನ್ನು ಚೊಕ್ಕವಾಗಿ ತೋರಿಸುತ್ತಾರೆ. ಆದರೆ ಎಚ್‌ಬಿಎ1ಸಿ ಎಂಬ ಚಾಡಿಕೋರ ರಕ್ತಪರೀಕ್ಷೆ ಮೂರು ತಿಂಗಳ ಸರಾಸರಿ ಹೇಳಿಬಿಡುತ್ತದೆ. ಸಾಮಾನ್ಯವಾಗಿ ಇಲ್ಲಿ ಡಾಕ್ಟರ ಗರ್ಜನೆ ಮೇಲಿನ ಅಡುಗೆಮನೆಯವರೆಗೂ ಕೇಳುತ್ತದೆ. ಆವತ್ತು ಕೇಳಲಿಲ್ಲ. ಏನಾಯಿತೆಂದು ಇಳಿದು ಹೋದೆ. ಇವರು ರಿಪೋರ್ಟು ನೋಡಿ, ಅಜ್ಜಿಯ ಮುಖ ನೋಡಿ, ಮೆತ್ತಗೆ, "ಮೊಮ್ಮಗನ ಹುಟ್ಟುಹಬ್ಬ ಏನಾದ್ರೂ ಇತ್ತಾ ಅಜ್ಜಿ?" ಎಂದು ಕೇಳಿದರು. ಅಜ್ಜಿ ಅರೆಗಳಿಗೆ ಸುಮ್ಮನಿದ್ದು, "ಹೋಳಿಗೆ ಮಾಡಿದ್ರು... ಎರಡು" ಎಂದರು. ಇವರು "ಹ್ಞೂಂ" ಎಂದರು. "ನಾಲ್ಕು" ಎಂದರು ಅಜ್ಜಿ.

ಇದನ್ನೆಲ್ಲ ಊಟದ ಮೇಜಿನ ಈ ತುದಿಯಲ್ಲಿ ಕೂತು ಬರೆಯುತ್ತಿದ್ದೇನೆ. ಆ ತುದಿಯಲ್ಲಿ ಅವರು. ಏನು ಬರೀತಿದ್ದೀಯ ಎಂದು ಕೇಳಿದರು, ಹರಟೆ ಎಂದೆ. ಎಷ್ಟು ಕೊಡ್ತಾರಂತೆ ಎಂದರು, ಹೇಳಿದೆ. "ಅಷ್ಟಕ್ಕೆ ನಾನು ಸ್ಕ್ರೀನರ್ ಕೂಡ ತುಂಬಲ್ಲ" ಎಂದು ಲ್ಯಾಪ್‌ಟಾಪ್ ತಿರುಗಿಸಿಕೊಂಡರು. ಇಪ್ಪತ್ತೇ ನಿಮಿಷ ಎಂದು ಹೇಳಿ ಕೂರಿಸಿದ ಕೊಬ್ಬಿನ ಸರ್ವೆಗೆ ಐವತ್ತನೆಯ ನಿಮಿಷ ನಡೆಯುತ್ತಿದೆ. ಮುಗಿದದ್ದು ಎಷ್ಟೆಂದು ತೋರಿಸುವ ಹಸಿರು ಪಟ್ಟಿ 92ರಲ್ಲಿ ನಿಂತು ಅರ್ಧ ಗಂಟೆಯಾಯಿತು.

"ಒಬ್ಬ ರೋಗಿಗೆ ಸರಾಸರಿ ಎಷ್ಟು ನಿಮಿಷ ಕೊಡ್ತೀರಿ ಅಂತ ಕೇಳಿದಾರೆ ಕಣೇ," ಎಂದು ಈಗಷ್ಟೇ ಗೊಣಗಿದರು. ಸಂಜೆ ಆರರಿಂದ ಒಂಬತ್ತರವರೆಗೆ ಕ್ಲಿನಿಕ್ಕು, ಇವತ್ತಿನ ಟೋಕನ್ 45. ನನ್ನ ಬಾಯಲ್ಲಿ ಉತ್ತರ ಬಂದೇಬಿಟ್ಟಿತ್ತು, ನುಂಗಿಕೊಂಡೆ. ಅವರು 15 ಎಂದು ಒತ್ತಿ, ಅದನ್ನು ಗಟ್ಟಿಯಾಗಿ ಓದಿಯೂ ಹೇಳಿದರು.

ಕೀಲಿಕೈ ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದ ಕಾಂಪೌಂಡರು ಕೆಮ್ಮಿದ.